ನೆಗ್ಗಿಲಿಗೆ ಒಗ್ಗುವ ಪಂಕ್ಚರ್ ದ್ರವ ಬಳ್ಳಾರಿ ಜಾಲಿಗೂ ಒಗ್ಗೀತೇ?

ನಿತ್ಯಸವಾರ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಗಿಣಿಗೇರಿ ಕಡೆಯಿಂದ ಕೊಪ್ಪಳಕ್ಕೆ ದಿನವೂ ಸೈಕಲ್ ಮೇಲೆ ಕೆಲಸಕ್ಕೆ ಹೋಗಿ ಬರುವವನು. ಸೈಕಲ್ 26 ಇಂಚಿನದು, ಟೈರ್ 1.95 ಅಗಲದ್ದು, ಟ್ಯೂಬಿಗೆ ಇರುವುದು ಮೋಟಾರ್‌ಸೈಕಲ್‌ಗಳಲ್ಲಿ ಕಾಣುವ ಬಗೆಯ ವಾಲ್ವ್. ಮಳೆಗಾಲದಲ್ಲಿ ನೆಮ್ಮದಿಯಾಗಿದ್ದ ಗಾಲಿಗಳು ದಸರೆ ಕಳೆದ ಮೇಲೆ ಹಗೆ ಸಾಧಿಸಲು ಶುರು ಮಾಡಿದವು. ಈ ಎರಡು ತಿಂಗಳಲ್ಲಿ 11 ಸಲ ಪಂಕ್ಚರ್ ಆಗಿದೆ. ಅದರಲ್ಲಿ ನಾಲ್ಕು ಸಲ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿಯೇ ಗಾಲಿ ನೆಲ ಕಚ್ಚಿತ್ತು. ಅಂದರೆ ಹಿಂದಿನ ಸಂಜೆ ಚುಚ್ಚಿದ್ದು ರಾತ್ರಿಯೆಲ್ಲ ಸದ್ದಿಲ್ಲದೆ ಗಾಳಿ ಬಿಟ್ಟಿದೆ.

ಟ್ಯೂಬಿನೊಳಗೆ ಸುರಿಯುವ ಪಂಕ್ಚರ್ ದ್ರವವನ್ನು, ಅಂಗಡಿಗಳಲ್ಲಿ ಜೆಲ್ ಎಂದೂ ಲಿಕ್ವಿಡ್ ಎಂದೂ ಕರೆಯುವುದನ್ನು, ಹಾಕಿಸಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ. ಹಾಕಿಸಿದವರು ನಿಮ್ಮಲ್ಲಿದ್ದರೆ ಮೂರು ವಿಷಯ ತಿಳಿಸಬೇಕು. ಒಂದು ಗಾಲಿಗೆ ಎಷ್ಟು ಬೇಕು? ನಮ್ಮ ಬಿಸಿಲಿಗೆ ಅದು ಒಳಗೇ ಒಣಗಿ ಹೋಗುವುದಿಲ್ಲವೇ? ಒಮ್ಮೆ ಹಾಕಿದ ಮೇಲೆ ಅದೇ ಟ್ಯೂಬಿಗೆ ಮತ್ತೆ ಪ್ಯಾಚ್ ಹಾಕಲು ಬರುತ್ತದೆಯೇ?

ಸೈಕಲ್ ಮಿಸ್ತ್ರಿ, ಗಂಗಾವತಿ

ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರ ಫಲ ಉಣ್ಣುತ್ತಿರುವವನು ನಾನು. ಆ ಹಸಿರು ಲೋಳೆ ತುಂಬಿದ ಟ್ಯೂಬನ್ನು ನನ್ನ ಮುಂದೆ ತಂದು ಇಟ್ಟರೆ ಮೊದಲು ನನ್ನ ಮುಖ ಸಪ್ಪಗಾಗುತ್ತದೆ. ಪ್ಯಾಚ್ ಹಾಕಲು ಬರುವುದಿಲ್ಲ ಎಂದಲ್ಲ, ಆದರೆ ಕೆಲಸ ಎರಡು ಪಟ್ಟು. ತೂತಿನಿಂದ ದ್ರವ ಜಿನುಗುತ್ತಲೇ ಇರುವಾಗ ಸಲ್ಯೂಷನ್ ಹಿಡಿಯುವುದಿಲ್ಲ. ತೂತು ಮೇಲ್ಮುಖವಾಗಿರುವಂತೆ ಟ್ಯೂಬನ್ನು ಹಿಡಿದು, ಒಳಗಿನ ದ್ರವ ಕೆಳಗಿಳಿದ ಮೇಲೆ ಗಾಳಿ ಪೂರ್ತಿ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಆಮೇಲೆ ಸಲ್ಯೂಷನ್ ಹಚ್ಚಬೇಕು. ಇಷ್ಟು ಮಾಡಿದರೆ ಪ್ಯಾಚ್ ನಿಲ್ಲುತ್ತದೆ, ಅವಸರದಲ್ಲಿ ಒಂದು ಹಂತ ಬಿಟ್ಟರೂ ಮಾರನೆಯ ದಿನ ನೀವು ಮತ್ತೆ ನನ್ನ ಅಂಗಡಿಯ ಮುಂದೆ.

ಆದರೆ ದ್ರವದ ಮಾತಿಗಿಂತ ಮೊದಲು ನಾನೇ ನಿಮಗೊಂದು ಪ್ರಶ್ನೆ ಕೇಳಬೇಕು. ಹನ್ನೊಂದು ಸಲವೂ ತೂತು ಟ್ಯೂಬಿನ ಯಾವ ಮಗ್ಗುಲಿಗೆ ಬಿದ್ದಿತ್ತು? ಟೈರಿನ ಕಡೆಗೋ, ರಿಮ್ಮಿನ ಕಡೆಗೋ? ಒಂದೇ ತೂತೋ, ಪಕ್ಕಪಕ್ಕದಲ್ಲಿ ಎರಡು ಸೀಳೋ? ಟೈರಿನ ಕಡೆಗೆ ಒಂದೇ ಸಣ್ಣ ತೂತಿದ್ದರೆ ಹೊರಗಿನಿಂದ ಚುಚ್ಚಿದ್ದು. ರಿಮ್ಮಿನ ಕಡೆಗೆ ಮಾತ್ರ ಇದ್ದರೆ ಕಡ್ಡಿಯ ತುದಿಯೋ, ಸರಿದುಹೋದ ರಿಮ್ ಟೇಪೋ ಕಾರಣ. ಎರಡು ಸೀಳು ಜೋಡಿಯಾಗಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಗುಂಡಿಗೆ ಹಾರಿಸಿದ್ದೀರಿ ಎಂದರ್ಥ. ಈ ಕೊನೆಯ ಎರಡಕ್ಕೂ ಬಾಟಲಿಗಟ್ಟಲೆ ದ್ರವ ಸುರಿದರೂ ಪ್ರಯೋಜನವಿಲ್ಲ.

ನಿತ್ಯಸವಾರ, ಕೊಪ್ಪಳ

ಮಿಸ್ತ್ರಿಯವರೇ, ಪ್ಯಾಚ್ ಹಾಕಿದ ಟ್ಯೂಬುಗಳನ್ನು ಈಗ ತೆಗೆದು ನೋಡಿದೆ. ಎಂಟು ತೂತು ಟೈರಿನ ಕಡೆಗೆ ಇವೆ, ಸೂಜಿಯ ಮೊನೆಯಷ್ಟು ಸಣ್ಣವು. ಒಂದೆಡೆ ಮಾತ್ರ ಎರಡೂ ಮಗ್ಗುಲಿಗೆ ಎದುರುಬದುರಾಗಿ ಪ್ಯಾಚ್ ಇದೆ. ಉಳಿದೆರಡರ ಲೆಕ್ಕ ಸಿಗುತ್ತಿಲ್ಲ, ಆ ಟ್ಯೂಬನ್ನು ಎಸೆದುಬಿಟ್ಟಿದ್ದೇನೆ.

ಎರೆಹೊಲ, ಸಿಂಧನೂರು

ಸೂಜಿ ಮೊನೆಯಂಥ ಆ ಎಂಟು ತೂತು ನೆಗ್ಗಿಲಿನವೇ, ಅನುಮಾನ ಬೇಡ. ದಸರೆಯ ನಂತರವೇ ಏಕೆ ಎಂಬುದಕ್ಕೂ ಅಲ್ಲಿಯೇ ಉತ್ತರವಿದೆ. ಮಳೆಗೆ ಹುಟ್ಟಿ ರಸ್ತೆಯ ಅಂಚಿನಲ್ಲಿ ನೆಲಕ್ಕಂಟಿ ಹಬ್ಬುವ, ಹಳದಿ ಹೂ ಬಿಡುವ ಆ ಬಳ್ಳಿಯನ್ನು ಹಸಿರಿರುವಾಗ ಯಾರೂ ಗಮನಿಸುವುದಿಲ್ಲ. ಮಳೆ ನಿಂತ ಮೇಲೆ ಕಾಯಿ ಒಣಗಿ ಐದು ಹೋಳಾಗಿ ಬಿರಿಯುತ್ತದೆ, ಹೇಗೆ ಬಿದ್ದರೂ ಹೋಳಿನ ಒಂದು ಮುಳ್ಳು ಮೇಲಕ್ಕೆ ನೋಡುತ್ತಲೇ ಇರುತ್ತದೆ. ಲಾರಿ ಬಂತೆಂದು ನಾವು ಡಾಂಬರು ಬಿಟ್ಟು ಕೆಳಗಿಳಿಯುವುದು ನೇರ ಅದರ ಮೇಲೆಯೇ.

ಎದುರುಬದುರಾಗಿ ತೂತು ಮಾಡಿರುವುದು ಮಾತ್ರ ಬೇರೆ ಜಾತಿ. ಅದು ಬಳ್ಳಾರಿ ಜಾಲಿ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಗಿಡ 19ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದು, ಕನ್ನಡದಲ್ಲಿ ನಮ್ಮ ಪಕ್ಕದ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ಬಳ್ಳಾರಿಯವರು ಬೇಸರಿಸಬಾರದು, ನಮ್ಮ ಕಾಲುವೆಯ ದಂಡೆಯ ಮೇಲೂ ಅದರದೇ ರಾಜ್ಯ. ಅದರ ಮುಳ್ಳು ಎರಡು ಇಂಚಿನವರೆಗೂ ಬೆಳೆಯುತ್ತದೆ. ಇದ್ದಿಲಿಗೆಂದು ಕಡಿದ ಟೊಂಗೆಗಳನ್ನೂ ಬೇಲಿಗೆ ಹಾಕುವ ಹೊರೆಗಳನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದ ದಾರಿಯಲ್ಲಿ ಎರಡು ದಿನ ಸೈಕಲ್ ಓಡಿಸಬಾರದು. ನಾನು ಎರಡು ವರ್ಷ ದ್ರವ ಹಾಕಿಸಿ ನೋಡಿದವನು. ನೆಗ್ಗಿಲಿಗೆ ಅದು ನಿಂತಿತು, ಜಾಲಿಗೆ ಒಂದು ಸಲವೂ ನಿಲ್ಲಲಿಲ್ಲ.

ರಸಾಯನ ಮಾಸ್ತರ್, ರಾಯಚೂರು

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಬಾಟಲಿಯೊಳಗೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಅಂಗಡಿಯವರು ಒಂದೇ ಹೆಸರಿನಿಂದ ಮಾರುವ ಈ ದ್ರವಗಳು ಮುಖ್ಯವಾಗಿ ಎರಡು ಜಾತಿಯವು.

ಒಂದು ಜಾತಿಯದು ರಬ್ಬರ್ ಹಾಲಿನದು, ಅಂದರೆ ಲ್ಯಾಟೆಕ್ಸ್. ರಬ್ಬರಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ, ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಬಹಳ ತಯಾರಕರು ಅಮೋನಿಯಾ ಬೆರೆಸಿರುತ್ತಾರೆ. ಬಾಟಲಿ ತೆರೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಅದರದೇ. ತೂತಿನಿಂದ ಗಾಳಿಯೊಂದಿಗೆ ದ್ರವ ನುಗ್ಗಿದಾಗ ಕಣಗಳು ಒತ್ತಿಕೊಂಡು, ನೀರು ಆರಿ, ಹಾಲು ಒಡೆದು ಗಿಣ್ಣಾದಂತೆ ಗಟ್ಟಿಯಾಗಿ ತೂತಿನ ಬಾಯಿ ಮುಚ್ಚುತ್ತವೆ. ಇನ್ನೊಂದು ಜಾತಿಯದು ಗ್ಲೈಕಾಲ್ ದ್ರವದಲ್ಲಿ ಸಣ್ಣ ನಾರಿನ ಎಳೆಗಳನ್ನೂ ರಬ್ಬರಿನ ಪುಡಿಯನ್ನೂ ಬೆರೆಸಿದ್ದು. ಮಿಸ್ತ್ರಿಯವರು ಹೇಳಿದ ಹಸಿರು ಲೋಳೆ ಬಹುಮಟ್ಟಿಗೆ ಇದೇ. ಇದು ಗಟ್ಟಿಯಾಗುವುದಿಲ್ಲ. ಗದ್ದೆಯ ಬದುವಿನಲ್ಲಿ ತೂತು ಬಿದ್ದಾಗ ಹುಲ್ಲು ಕಸ ಬಂದು ಸಿಕ್ಕಿಕೊಂಡು ನೀರು ನಿಲ್ಲುವುದಿಲ್ಲವೇ, ಹಾಗೆ ಎಳೆಗಳು ತೂತಿನಲ್ಲಿ ಸಿಕ್ಕಿ ತಡೆಯಾಗುತ್ತವೆ.

ನಮ್ಮ ಬಿಸಿಲಿನ ಪ್ರಶ್ನೆ ಇಲ್ಲಿ ಬರುತ್ತದೆ. ರಬ್ಬರ್ ಹಾಲಿನದಕ್ಕೆ ತಯಾರಕರು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳ ಆಯಸ್ಸು ಹೇಳುತ್ತಾರೆ, ಅದರಲ್ಲಿ ಎರಡು ತಿಂಗಳು ಎಂಬುದು ಬಿಸಿಯಾದ, ಒಣಹವೆಯ ಊರುಗಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ನಾವು ಯಾವ ಲೆಕ್ಕಕ್ಕೆ ಸೇರಿದವರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗ್ಲೈಕಾಲಿನದು ಅಷ್ಟು ಬೇಗ ಆರುವುದಿಲ್ಲ, ಟ್ಯೂಬಿನಲ್ಲಿ ಎರಡು ವರ್ಷದವರೆಗೆ ಬರುತ್ತದೆ ಎಂದು ಬಾಟಲಿಯ ಮೇಲೆಯೇ ಬರೆದಿರುವುದುಂಟು. ಆದ್ದರಿಂದ ಟ್ಯೂಬಿರುವ ಸೈಕಲ್ಲಿಗೆ, ನಮ್ಮ ಹವೆಯಲ್ಲಿ, ಎರಡನೆಯ ಜಾತಿಯದೇ ಸರಿ ಎಂದು ನನ್ನ ಅಭಿಪ್ರಾಯ. ನಿಮ್ಮ 26 ಇಂಚಿನ ಗಾಲಿ ಒಂದಕ್ಕೆ ಸುಮಾರು 120 ಮಿಲಿಲೀಟರ್ ಬೇಕಾಗುತ್ತದೆ. ಎರಡು ಗಾಲಿಗೆ ಸೇರಿ ಕಾಲು ಕಿಲೋ ಭಾರ ಹೆಚ್ಚಾಯಿತೆಂದು ತಿಳಿಯಿರಿ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಗ್ಲೈಕಾಲ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಎಂಬುದು ಸಿಹಿಯಾಗಿದ್ದು ವಿಷಕಾರಿ, ಪ್ರೊಪಿಲೀನ್ ಗ್ಲೈಕಾಲ್ ಅಷ್ಟು ಅಪಾಯದ್ದಲ್ಲ. ಬಾಟಲಿಯ ಹಿಂಬದಿಯನ್ನು ಓದಿ ಕೊಳ್ಳಿ, ಯಾವುದೇ ಆದರೂ ಮಕ್ಕಳಿಗೂ ನಾಯಿಗೂ ಎಟುಕದಂತೆ ಇಡಿ.

ತೋರಣಗಲ್ಲಿನ ಪಾಳಿಯವನು

ನಮ್ಮ ಕಡೆ ಮುಳ್ಳಿಗಿಂತ ತಂತಿಯ ಕಾಟ ಹೆಚ್ಚು. ಅದಿರಿನ ಲಾರಿಗಳ ಸವೆದ ಟೈರು ಒಡೆದು ಚೂರಾದಾಗ ಅದರೊಳಗಿನ ಉಕ್ಕಿನ ಎಳೆಗಳು ರಸ್ತೆಯ ಅಂಚಿಗೆ ಉದುರಿರುತ್ತವೆ. ತಲೆಗೂದಲಿಗಿಂತ ತುಸು ದಪ್ಪ, ಕಣ್ಣಿಗೆ ಕಾಣುವುದಿಲ್ಲ, ಟೈರಿನೊಳಗೆ ಸೇರಿದರೆ ಬೆರಳಿಗೂ ಸಿಗುವುದಿಲ್ಲ. ನಾನು ಹಸಿರು ದ್ರವ ಹಾಕಿಸಿ ಒಂದೂವರೆ ವರ್ಷವಾಯಿತು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಹೊರಟಾಗ ದಾರಿಯಲ್ಲಿ ಯಾವ ಪಂಕ್ಚರ್ ಅಂಗಡಿಯೂ ತೆರೆದಿರುವುದಿಲ್ಲ. ಆ ಹೊತ್ತಿನಲ್ಲಿ ಗಾಲಿ ಮನೆ ಮುಟ್ಟಿಸಿದರೆ ನನಗೆ ಅಷ್ಟೇ ಸಾಕು, ಅಷ್ಟನ್ನು ಅದು ಮಾಡಿದೆ.

ನಿತ್ಯಸವಾರ, ಕೊಪ್ಪಳ

ಮಾಸ್ತರರೇ, ತುಂಬ ಉಪಕಾರವಾಯಿತು. ಆದರೆ ಸಿಂಧನೂರಿನ ಅಣ್ಣನವರು ಹೇಳಿದ್ದು ಅರ್ಥವಾಗಲಿಲ್ಲ. ಜಾಲಿಯ ಮುಳ್ಳು ಮಾಡುವ ತೂತು ಸೂಜಿಗಿಂತ ದೊಡ್ಡದಾದರೂ ಎರಡು ಮಿಲಿಮೀಟರಿನೊಳಗೇ ಇರುತ್ತದೆ. ಬಾಟಲಿಗಳ ಮೇಲೆ ಮೂರು ಮಿಲಿಮೀಟರಿನ ತೂತನ್ನೂ ಮುಚ್ಚುತ್ತದೆ ಎಂದು ಬರೆದಿರುವಾಗ ಅದಕ್ಕೆ ಏಕೆ ನಿಲ್ಲುವುದಿಲ್ಲ?

ರಸಾಯನ ಮಾಸ್ತರ್, ರಾಯಚೂರು

ತೂತಿನ ಗಾತ್ರ ಇಲ್ಲಿ ಅಷ್ಟು ಮುಖ್ಯವಲ್ಲ, ಅದು ಇರುವ ಜಾಗ ಮುಖ್ಯ. ಲೆಕ್ಕ ಮಾಡಿಯೇ ತೋರಿಸುತ್ತೇನೆ, ವೃತ್ತಿಯ ಚಟ, ಕ್ಷಮಿಸಿ.

ಗಾಲಿ ತಿರುಗುವಾಗ ಒಳಗಿನ ದ್ರವ ಕೇಂದ್ರಾಪಗಾಮಿ ಬಲದಿಂದ ಹೊರಮಗ್ಗುಲಿಗೆ, ಅಂದರೆ ಟೈರಿನ ಕಡೆಗೆ, ಎಸೆಯಲ್ಪಡುತ್ತದೆ. ನಿಮ್ಮ ಗಾಲಿಯ ತ್ರಿಜ್ಯ ಸುಮಾರು 33 ಸೆಂಟಿಮೀಟರ್. ಗಂಟೆಗೆ ಆರೂವರೆ ಕಿಲೋಮೀಟರ್ ವೇಗ ಬಂದ ಕೂಡಲೇ ಈ ಎಸೆತ ಭೂಮಿಯ ಸೆಳೆತಕ್ಕೆ ಸಮನಾಗುತ್ತದೆ, ಅಲ್ಲಿಂದ ಮೇಲೆ ದ್ರವ ತಳದಲ್ಲಿ ನಿಲ್ಲದೆ ಸುತ್ತಲೂ ಹರಡಿ ಹೊರಗೋಡೆಗೆ ಅಂಟಿಕೊಳ್ಳತೊಡಗುತ್ತದೆ. 15 ಕಿಲೋಮೀಟರ್ ವೇಗದಲ್ಲಿ ಅದು ಸೆಳೆತದ ಐದು ಪಟ್ಟು, 20ರಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು. ನೆಗ್ಗಿಲಿನ ತೂತು ಇರುವುದು ಇದೇ ಹೊರಗೋಡೆಯಲ್ಲಿ. ದ್ರವ ಅಲ್ಲಿ ಮೊದಲೇ ಕಾದು ಕುಳಿತಿರುತ್ತದೆ, ತೂತು ಬಿದ್ದ ಕೂಡಲೇ ನುಗ್ಗುತ್ತದೆ. ಬಳ್ಳಾರಿ ಜಾಲಿ ಹಾಗಲ್ಲ. ಅದು ಟ್ಯೂಬನ್ನು ಹೊಕ್ಕು ಎದುರಿನ ಗೋಡೆಯನ್ನೂ, ಅಂದರೆ ರಿಮ್ಮಿನ ಕಡೆಯ ಮಗ್ಗುಲನ್ನೂ, ಚುಚ್ಚುತ್ತದೆ. ಆ ಮಗ್ಗುಲಿನಲ್ಲಿ ದ್ರವವೇ ಇರುವುದಿಲ್ಲ. ನೀವು ಎಷ್ಟು ವೇಗವಾಗಿ ತುಳಿದರೆ ಅಷ್ಟು ದೂರ ಓಡುತ್ತದೆ. ಹೊರಗಿನ ತೂತು ಮುಚ್ಚಿಕೊಳ್ಳುತ್ತದೆ, ಒಳಗಿನದು ಊದುತ್ತಲೇ ಇರುತ್ತದೆ.

ಇನ್ನೊಂದು ಕಾರಣವನ್ನೂ ಸೇರಿಸಬೇಕು. ಟ್ಯೂಬ್ ಎಂಬುದು ಬಲೂನಿನಂತೆ ಹಿಗ್ಗಿಕೊಂಡು ಟೈರನ್ನು ತುಂಬಿರುವ ವಸ್ತುವಾದ್ದರಿಂದ ಅದರಲ್ಲಿ ಬಿದ್ದ ತೂತನ್ನು ಸುತ್ತಲಿನ ರಬ್ಬರೇ ಎಳೆದು ಅಗಲ ಮಾಡುತ್ತಿರುತ್ತದೆ. ಟ್ಯೂಬಿಲ್ಲದ ಟೈರಿನ ಒಡಲಿನಲ್ಲಿ ನೂಲಿನ ಹೆಣಿಗೆ ಇರುತ್ತದೆ, ಅದು ಹಿಗ್ಗುವುದಿಲ್ಲ, ಮುಳ್ಳು ಹೊರಬಂದ ಮೇಲೆ ತೂತು ತಾನೇ ಮುದುಡುತ್ತದೆ. ಆದ್ದರಿಂದ ಟ್ಯೂಬ್‌ಲೆಸ್ ಟೈರಿನ ಮೇಲೆ ಹೇಳಿದ ಮಿಲಿಮೀಟರ್ ಲೆಕ್ಕವನ್ನು ಟ್ಯೂಬಿಗೆ ಹಾಗೆಯೇ ಒಪ್ಪಬಾರದು.

ಎರೆಹೊಲ, ಸಿಂಧನೂರು

ಮಾಸ್ತರರೇ, ಎರಡು ವರ್ಷ ನಾನು ಕಂಪನಿಯವರನ್ನು ಬೈದುಕೊಂಡಿದ್ದೆ. ದ್ರವ ಹೋಗಿ ತಲುಪದ ಜಾಗಕ್ಕೆ ಮುಳ್ಳು ಹೋಗಿ ತಲುಪುತ್ತಿತ್ತು ಎಂಬುದು ಇಂದು ತಿಳಿಯಿತು.

ಇದರ ಜೊತೆಗೆ ನನ್ನ ಅನುಭವದ ಒಂದು ಮಾತಿದೆ. ಚುಚ್ಚಿಕೊಂಡ ಮುಳ್ಳು ಕಣ್ಣಿಗೆ ಕಂಡರೆ, ತೆಗೆದರೆ ಗಾಳಿ ಹೋದೀತೆಂದು ಹೆದರಿ ಹಾಗೆಯೇ ಮನೆಯವರೆಗೆ ಓಡಿಸುವವರಿದ್ದಾರೆ. ದ್ರವ ಹಾಕಿದ ಗಾಲಿಯಲ್ಲಿ ಇದು ತಪ್ಪು ಲೆಕ್ಕ. ಗಾಲಿಯ ಪ್ರತಿ ಸುತ್ತಿಗೂ ಮುಳ್ಳು ಒಂದು ಒತ್ತು ಒಳಗೆ ಹೋಗುತ್ತದೆ, ಅಲುಗಾಡಿ ತೂತನ್ನು ಅಗಲ ಮಾಡುತ್ತದೆ, ಕೊನೆಗೆ ಎದುರಿನ ಗೋಡೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಅಲ್ಲಿಯೇ ಇಳಿದು, ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ನಿಲ್ಲಿಸಿ, ಜಿನುಗುವುದು ನಿಂತ ಮೇಲೆ ಗಾಳಿ ಹೊಡೆದು ಹೊರಡಬೇಕು. ಕೈಪಂಪು ಜೊತೆಗೆ ಇಲ್ಲದವರಿಗೆ ದ್ರವ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಬಿಳಿಗೆರೆ ಸವಾರ, ಬಳ್ಳಾರಿ

ನಾವು ಕೆಲವರು ಭಾನುವಾರ ಬೆಳಿಗ್ಗೆ ಸಂಡೂರಿನ ಗುಡ್ಡಗಳವರೆಗೆ ಹೋಗಿ ಬರುತ್ತೇವೆ. ನಾನು ಮೂರು ವರ್ಷದಿಂದ ಟ್ಯೂಬ್ ಬಿಟ್ಟು ಟ್ಯೂಬ್‌ಲೆಸ್ ಟೈರ್ ಬಳಸುತ್ತಿದ್ದೇನೆ, 28 ಮಿಲಿಮೀಟರ್ ಅಗಲದ್ದು, ಒಂದು ಗಾಲಿಗೆ 40 ಮಿಲಿಲೀಟರ್ ರಬ್ಬರ್ ಹಾಲು. ಮಾಸ್ತರರು ಹೇಳಿದ ಒಳಗೋಡೆಯ ಸಮಸ್ಯೆಯೇ ಇಲ್ಲಿಲ್ಲ, ಏಕೆಂದರೆ ಚುಚ್ಚಲು ಎದುರಿನ ಗೋಡೆ ಎಂಬುದು ಇಲ್ಲ. ಜಾಲಿಯ ಮುಳ್ಳನ್ನು ಕಿತ್ತ ಜಾಗದಿಂದ ಬಿಳಿ ಹಾಲು ಎರಡು ಮೂರು ಸುತ್ತು ಚಿಮ್ಮಿ ನಿಂತದ್ದನ್ನು ನಾನೇ ನೋಡಿದ್ದೇನೆ. ಬೆನ್ನಿನ ಅಂಗಿಯ ಮೇಲೆ ಅದರ ಚುಕ್ಕೆಗಳು ಇಂದಿಗೂ ಹೋಗಿಲ್ಲ.

ಆದರೆ ಇದಕ್ಕೆ ಆರೈಕೆ ಬೇಕು. ಬೇಸಿಗೆಯಲ್ಲಿ ಒಂದೂವರೆ ತಿಂಗಳಿಗೊಮ್ಮೆ ತೆರೆದು ನೋಡುತ್ತೇನೆ. ಒಂದು ಮೇ ತಿಂಗಳಲ್ಲಿ ಸೋಮಾರಿತನ ಮಾಡಿದೆ, ಒಳಗೆ ಹಾಲಿನ ಬದಲು ಹರಳುಗಟ್ಟಿದ ತೆಳು ಪೊರೆ ಮತ್ತು ಎರಡು ರಬ್ಬರಿನ ಉಂಡೆಗಳು ಇದ್ದವು. ಗಾಳಿಯ ಒತ್ತಡ ಹೆಚ್ಚಿದಷ್ಟೂ ತೂತು ಮುಚ್ಚುವುದು ಕಷ್ಟ, 60 ಪಿಎಸ್‌ಐ ಮೇಲಿದ್ದರೆ ಹಾಲು ಗಟ್ಟಿಯಾಗುವ ಮೊದಲೇ ಹೊರಗೆ ಚಿಮ್ಮಿಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಣ್ಣ ಸಿಲಿಂಡರಿನಿಂದ ಗಾಳಿ ತುಂಬುವವರು ಕೂಡ ಎಚ್ಚರ ವಹಿಸಬೇಕು, ಅದು ತಾಗಿದ ರಬ್ಬರ್ ಹಾಲು ಬೇಗ ಒಡೆಯುತ್ತದೆ. ನಿತ್ಯಸವಾರರಿಗೆ ನನ್ನ ಸಲಹೆ ಏನೆಂದರೆ, ಆ ಹಳೆಯ ಸೈಕಲ್ಲಿಗೆ ಔಷಧ ಮಾಡುವ ಬದಲು ಟ್ಯೂಬ್‌ಲೆಸ್ ಇರುವ ಹೊಸದನ್ನೇ ಕೊಳ್ಳಿ.

ಸೈಕಲ್ ಮಿಸ್ತ್ರಿ, ಗಂಗಾವತಿ

ಬಳ್ಳಾರಿಯ ಸರ್ ಅವರಿಗೆ ವಿನಂತಿ. ಅವರು ಪಂಕ್ಚರಿಗೆ ಪರಿಹಾರ ಕೇಳಿದ್ದಾರೆ, ನೀವು ಸೈಕಲ್ಲನ್ನೇ ಬದಲಿಸಲು ಹೇಳುತ್ತಿದ್ದೀರಿ. ಸಾದಾ ರಿಮ್ಮಿಗೆ ಟ್ಯೂಬ್‌ಲೆಸ್ ಟೈರ್ ಹಾಕಿದರೆ ಅಂಚು ಕೂರುವುದಿಲ್ಲ, ಕಡ್ಡಿಯ ತೂತುಗಳಿಂದ ಗಾಳಿ ಹೋಗುತ್ತದೆ, ಕೊನೆಗೆ ಮೊದಲಿನ ಟ್ಯೂಬೇ ಗತಿ. ನಿಮ್ಮ ಪದ್ಧತಿ ನಿಮ್ಮ ಗಾಲಿಗೆ ಉತ್ತಮ, ಅದರಲ್ಲಿ ಎರಡು ಮಾತಿಲ್ಲ.

ಬಿಳಿಗೆರೆ ಸವಾರ, ಬಳ್ಳಾರಿ

ಒಪ್ಪಿದೆ, ಮಿಸ್ತ್ರಿಯವರೇ. ಆ ಕೊನೆಯ ವಾಕ್ಯ ಬರೆಯಬಾರದಿತ್ತು.

ಸಿರುಗುಪ್ಪದ ತಾಯಿ

ಮಗಳು ಶಾಲೆಗೆ ಹೋಗುವ ಸೈಕಲ್ಲಿನ ಬಗ್ಗೆ ಕೇಳಬೇಕಿತ್ತು. ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಮನೆಗೆ ಬಂದದ್ದು ಮಗಳ ಚಿಕ್ಕಮ್ಮನಿಗೆ ಕೊಟ್ಟಿದ್ದ ಸೈಕಲ್, ಈಗ ಇವಳು ತುಳಿಯುತ್ತಾಳೆ. ಅದರ ವಾಲ್ವ್ ಹಳೆಯ ಕಾಲದ್ದು, ಒಳಗೆ ಸಣ್ಣ ರಬ್ಬರಿನ ವಾಲ್‌ಟ್ಯೂಬ್ ಸಿಕ್ಕಿಸುವಂಥದು. ಗದ್ದೆಯ ಬದುವಿನ ದಾರಿಯಲ್ಲಿ ಮೂರು ಕಿಲೋಮೀಟರ್ ಹೋಗಬೇಕು, ಪಂಕ್ಚರ್ ಆದ ದಿನ ಮೊದಲ ಪಾಠ ತಪ್ಪುತ್ತದೆ. ಇಂಥ ವಾಲ್ವಿನೊಳಗೆ ದ್ರವ ಹಾಕಲು ಸಾಧ್ಯವೇ?

ಸೈಕಲ್ ಮಿಸ್ತ್ರಿ, ಗಂಗಾವತಿ

ಸಾಧ್ಯ, ಅಕ್ಕನವರೇ. ಹಾಕುವ ಕೆಲಸವಂತೂ ಉಳಿದೆಲ್ಲ ವಾಲ್ವುಗಳಿಗಿಂತ ಇದರಲ್ಲಿಯೇ ಸುಲಭ, ಏಕೆಂದರೆ ಮೇಲಿನ ನಟ್ ಬಿಚ್ಚಿ ಒಳಗಿನ ಕಡ್ಡಿಯನ್ನು ಎಳೆದರೆ ಇಡೀ ಬಾಯಿ ತೆರೆದುಕೊಳ್ಳುತ್ತದೆ, ಯಾವ ವಿಶೇಷ ಸಲಕರಣೆಯೂ ಬೇಡ. ಮೋಟಾರ್‌ಸೈಕಲ್ ಬಗೆಯ ವಾಲ್ವಿಗಾದರೆ ಒಳಗಿನ ಪಿನ್ನನ್ನು ಬಿಚ್ಚುವ ಸಣ್ಣ ಕೀಲಿ ಬೇಕಾಗುತ್ತದೆ.

ತೊಂದರೆ ಬರುವುದು ಹಾಕಿದ ಮೇಲೆ. ವಾಲ್‌ಟ್ಯೂಬ್ ಕೆಲಸ ಮಾಡುವುದು ಕಡ್ಡಿಯ ಮಗ್ಗುಲಿನ ಸಣ್ಣ ತೂತನ್ನು ಅಪ್ಪಿ ಹಿಡಿಯುವುದರಿಂದ. ನಾರಿನ ಎಳೆಯೊಂದು ಆ ನಡುವೆ ಸಿಕ್ಕಿಕೊಂಡರೆ ಅಪ್ಪುಗೆ ಸಡಿಲವಾಗಿ ವಾಲ್ವಿನಿಂದಲೇ ಗಾಳಿ ಸೋರುತ್ತದೆ, ಜನ ಅದನ್ನು ಪಂಕ್ಚರ್ ಎಂದುಕೊಂಡು ಟ್ಯೂಬ್ ಬಿಚ್ಚುತ್ತಾರೆ. ಅದಕ್ಕೆ ಎರಡು ಕ್ರಮ ಪಾಲಿಸಬೇಕು. ದ್ರವ ಹಾಕಿದ ಮೇಲೆ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ಗಾಲಿ ನಿಲ್ಲಿಸಿ ಐದು ನಿಮಿಷ ಬಿಟ್ಟು ಆಮೇಲೆ ಗಾಳಿ ಹೊಡೆಯಬೇಕು, ಮುಂದೆ ಎಂದು ಗಾಳಿ ಹೊಡೆದರೂ ಇದೇ ರೀತಿ. ಎರಡನೆಯದಾಗಿ, ಎರಡು ಮೂರು ತಿಂಗಳಿಗೊಮ್ಮೆ ವಾಲ್‌ಟ್ಯೂಬ್ ಬದಲಿಸಬೇಕು, ಅದರ ಬೆಲೆ ಲೆಕ್ಕಕ್ಕಿಲ್ಲ. ನಿಮ್ಮ ಮಗಳ ಗಾಲಿಯ ಅಗಲ ಕಡಿಮೆ, 100 ಮಿಲಿಲೀಟರ್ ಮೀರಿ ಹಾಕಿಸಬೇಡಿ. ಬಾಟಲಿಯನ್ನು ಚೆನ್ನಾಗಿ ಕುಲುಕಿಸಿ ಸುರಿಯಲು ಹೇಳಿ, ಕುಲುಕದೆ ಸುರಿದರೆ ನಾರೆಲ್ಲ ಬಾಟಲಿಯ ತಳದಲ್ಲಿ ಉಳಿದು ಬರೀ ಬಣ್ಣದ ನೀರು ಟ್ಯೂಬಿಗೆ ಹೋಗುತ್ತದೆ. ದುಡ್ಡು ಕೊಟ್ಟು ಇದನ್ನೇ ಹಾಕಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಹತ್ತಿ ಹೊಲ, ಲಿಂಗಸುಗೂರು

ಇಷ್ಟೆಲ್ಲ ಮಾತಿನ ನಡುವೆ ಟೈರಿನ ಒಳಗೆ ಏನು ಉಳಿದಿದೆ ಎಂಬುದನ್ನು ನೋಡುವುದು ಮರೆತುಹೋಗಬಾರದು. ಜಾಲಿಯ ಮುಳ್ಳು ಮರದಂತೆ ಗಟ್ಟಿ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ಹೊರಗೆ ಕಾಣುವ ಭಾಗವನ್ನು ಕಿತ್ತ ಮೇಲೂ ಮೊನೆ ಟೈರಿನ ರಬ್ಬರಿನಲ್ಲಿಯೇ ಉಳಿದು, ಹೊಸ ಟ್ಯೂಬ್ ಹಾಕಿದ ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಬೆರಳು ಹಾಕಿ ಹುಡುಕಿದರೆ ಬೆರಳಿಗೂ ಗಾಯ, ಮೊನೆಯೂ ಸಿಗದು. ನಾನು ಒಂದು ಹಿಡಿ ಹತ್ತಿಯನ್ನು ಟೈರಿನ ಒಳಮೈಗೆ ಸುತ್ತಲೂ ಸವರುತ್ತೇನೆ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳೋ ತಂತಿಯೋ ಇದೆ. ಕಾಲಿನ ಮುಳ್ಳು ತೆಗೆಯುವ ಚಿಮಟಿಗೆಯಿಂದಲೇ ಅದನ್ನೂ ಕೀಳಬಹುದು. ನಮ್ಮ ಜಿಲ್ಲೆಯಲ್ಲಿ ಹತ್ತಿಗೇನೂ ಬರವಿಲ್ಲ.

ನನ್ನ ಗಾಲಿಯಲ್ಲಿ ದ್ರವವಿಲ್ಲ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಹಾಸಿದ್ದೇನೆ. ನೆಗ್ಗಿಲು ಅದನ್ನು ದಾಟುವುದಿಲ್ಲ. ಖರ್ಚೂ ಇಲ್ಲ.

ತೋರಣಗಲ್ಲಿನ ಪಾಳಿಯವನು

ಆ ಹಾಸಿನ ಎರಡು ತುದಿಗಳು ಒಂದರ ಮೇಲೊಂದು ಬರುವ ಕಡೆ ಅಂಚು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ, ನನಗೆ ಹಾಗಾಗಿತ್ತು. ತುದಿಯನ್ನು ಓರೆಯಾಗಿ ಕತ್ತರಿಸಿ ತೆಳುವಾಗಿ ಉಜ್ಜಿದ್ದೀರಾ?

ಹತ್ತಿ ಹೊಲ, ಲಿಂಗಸುಗೂರು

ಓರೆಯಾಗಿಯೇ ಕತ್ತರಿಸಿದ್ದೇನೆ, ಮೇಲೆ ಟಾಲ್ಕಂ ಪೌಡರ್ ಕೂಡ ಉದುರಿಸಿದ್ದೇನೆ. ಗಾಲಿ ಸ್ವಲ್ಪ ಜಡವಾಗುತ್ತದೆ ಎಂಬುದು ನಿಜ. ಹಣವಿದ್ದವರು ದಪ್ಪ ತಡೆಪದರವಿರುವ ಟೈರನ್ನೇ ಕೊಳ್ಳಬಹುದು. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಎಂಬ ಟೈರಿನಲ್ಲಿ ಐದು ಮಿಲಿಮೀಟರ್ ದಪ್ಪದ ರಬ್ಬರ್ ಪದರ ಇರುತ್ತದೆ. ನೆಗ್ಗಿಲಿನ ಮುಳ್ಳಿಗೆ ಅಷ್ಟು ದಪ್ಪ ದಾಟುವುದು ಕಷ್ಟ, ಎರಡು ಇಂಚಿನ ಜಾಲಿಯ ಮಾತು ನಾನು ಆಡುವುದಿಲ್ಲ.

ನಿತ್ಯಸವಾರ, ಕೊಪ್ಪಳ

ಬರೆಯದೆ ಐದು ತಿಂಗಳಾಯಿತು, ತಡವಾದುದಕ್ಕೆ ಕ್ಷಮೆಯಿರಲಿ. ಈಗ ಏಪ್ರಿಲ್ ಕೊನೆ. ನೀವು ಹೇಳಿದ್ದನ್ನು ಪಾಲಿಸಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಡಿಸೆಂಬರ್ ಮೊದಲ ವಾರದಲ್ಲಿ ಎರಡೂ ಟೈರ್ ಬಿಚ್ಚಿ ಹತ್ತಿ ಸವರಿದೆ. ಹಿಂದಿನ ಟೈರಿನಲ್ಲಿ ಮೂರು ಮೊನೆ ಸಿಕ್ಕವು, ಒಂದು ತಂತಿ. ಅಂದರೆ ಆ ಹನ್ನೊಂದು ಪಂಕ್ಚರುಗಳಲ್ಲಿ ಕೆಲವು ಹೊಸವೇ ಅಲ್ಲ, ಹಳೆಯ ಮುಳ್ಳೇ ಮತ್ತೆ ಮತ್ತೆ ಚುಚ್ಚಿದ್ದು. ಇದು ತಿಳಿದಾಗ ನಾಚಿಕೆಯಾಯಿತು. ಆಮೇಲೆ ಹೊಸ ಟ್ಯೂಬ್ ಹಾಕಿ ಗಾಲಿಗೆ 120 ಮಿಲಿಲೀಟರಿನಂತೆ ಗ್ಲೈಕಾಲ್ ಬಗೆಯ ದ್ರವ ಸುರಿದೆ. ಎರಡೂ ಗಾಲಿಗೆ ಸಾಕಾದ ಬಾಟಲಿಗೆ ನಾನು ಕೊಟ್ಟದ್ದು 320 ರೂಪಾಯಿ, ಇಲ್ಲಿ ಒಂದು ಪ್ಯಾಚಿಗೆ 30 ರೂಪಾಯಿ ತೆಗೆದುಕೊಳ್ಳುತ್ತಾರೆ, ಲೆಕ್ಕ ನೀವೇ ಹಾಕಿಕೊಳ್ಳಿ. ಮಿಸ್ತ್ರಿಯವರು ಹೇಳಿದಂತೆ ಬಾಟಲಿಯನ್ನು ಕೈ ಸೋಲುವವರೆಗೆ ಕುಲುಕಿದೆ.

ಡಿಸೆಂಬರ್, ಜನವರಿಯಲ್ಲಿ ಟೈರಿನಿಂದ ನೆಗ್ಗಿಲಿನ ಹೋಳುಗಳನ್ನು ಕಿತ್ತದ್ದು ಬರೆದಿಟ್ಟಂತೆ 14 ಸಲ. ಹನ್ನೆರಡು ಸಲ ಹಸಿರು ಚುಕ್ಕೆ ಮೂಡಿ ನಿಂತಿತು, ಗಾಳಿ ಇಳಿದದ್ದು ಗೊತ್ತೇ ಆಗಲಿಲ್ಲ. ಎರಡು ಸಲ ಅರ್ಧದಷ್ಟು ಗಾಳಿ ಹೋಯಿತು, ಕೈಪಂಪಿನಿಂದ ತುಂಬಿಕೊಂಡು ಮನೆಗೆ ಬಂದೆ, ಮಾರನೆಯ ದಿನ ಗಟ್ಟಿಯಾಗಿಯೇ ಇತ್ತು. ಫೆಬ್ರವರಿಯಲ್ಲಿ ರಸ್ತೆ ಬದಿಯ ಜಾಲಿ ಕಡಿದ ವಾರ ಹಿಂದಿನ ಗಾಲಿಗೆ ಒಂದು ಮುಳ್ಳು ಬಡಿಯಿತು. ಇಳಿದು ಕಿತ್ತೆ, ಹೊರಗೆ ಹಸಿರು ಜಿನುಗಿ ನಿಂತಿತು, ಹೊರಗಿನಿಂದ ನೋಡಿದರೆ ಎಲ್ಲವೂ ಸರಿ. ಆದರೆ ರಿಮ್ಮಿನ ಕಡ್ಡಿಗಳ ಬುಡದಿಂದ ಸಣ್ಣ ಶಿಳ್ಳೆಯಂಥ ಸದ್ದು ಕೇಳುತ್ತಲೇ ಇತ್ತು. ಮಾಸ್ತರರ ಲೆಕ್ಕ ನೆನಪಾಗಿ, ಆರೂವರೆ ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ, ಅಂದರೆ ಕೈಯಿಂದ ತಳ್ಳಿಕೊಂಡು ನಡೆದರೆ, ದ್ರವ ಒಳಗೋಡೆಗೆ ತಾಗೀತೇ ಎಂದು ನೋಡಿದೆ. ಅರ್ಧ ಕಿಲೋಮೀಟರ್ ನಡೆದೆ, ಸದ್ದು ನಿಲ್ಲಲಿಲ್ಲ. ಕೊನೆಗೆ ಟ್ಯೂಬ್ ಬಿಚ್ಚಿ, ಒಳಮಗ್ಗುಲಿಗೆ ಮಾತ್ರ ಪ್ಯಾಚ್ ಹಾಕಿಸಿದೆ. ಹೊರಮಗ್ಗುಲಿನ ತೂತು ಇಂದಿಗೂ ದ್ರವದ ಮೇಲೆಯೇ ನಿಂತಿದೆ.

ರಸಾಯನ ಮಾಸ್ತರ್, ರಾಯಚೂರು

ಪ್ರಯೋಗಕ್ಕೆ ಇಳಿದದ್ದು ನೋಡಿ ಸಂತೋಷವಾಯಿತು. ನಿಧಾನವಾಗಿ ತಳ್ಳಿದಾಗ ದ್ರವ ತಳದಲ್ಲಿ ನಿಲ್ಲುತ್ತದೆ, ಅಲ್ಲಿ ತಳ ಎಂದರೆ ಮತ್ತೆ ಟೈರಿನ ಕಡೆಯ ಗೋಡೆಯೇ. ತೂತಿರುವ ಭಾಗ ಗಾಲಿಯ ಮೇಲ್ತುದಿಗೆ ಬಂದಾಗ ಮಾತ್ರ ರಿಮ್ಮಿನ ಕಡೆಯ ಗೋಡೆ ಕೆಳಗಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ದ್ರವವೆಲ್ಲ ಇಳಿದು ಹೋಗಿರುತ್ತದೆ. ವೇಗವಾದರೂ ನಿಧಾನವಾದರೂ ಆ ಗೋಡೆಗೆ ಪಾಲು ಸಿಗುವುದು ಬಹಳ ಕಡಿಮೆ. ಬೇಸಿಗೆಯಲ್ಲಿ ಒಳಗಿನದು ಹೇಗಿದೆ ಎಂದು ನೋಡಿದಿರಾ?

ನಿತ್ಯಸವಾರ, ಕೊಪ್ಪಳ

ಕಳೆದ ಭಾನುವಾರ ವಾಲ್ವಿನ ಪಿನ್ ಬಿಚ್ಚಿ ತೆಳು ಕಡ್ಡಿಯೊಂದನ್ನು ಇಳಿಸಿ ನೋಡಿದೆ, ಮಾಸ್ತರರೇ. ತುದಿಗೆ ಹಸಿರು ಅಂಟಿಕೊಂಡು ಬಂತು, ಡಿಸೆಂಬರಿನಲ್ಲಿದ್ದುದಕ್ಕಿಂತ ತುಸು ಮಂದವಾಗಿದೆ, ಒಣಗಿಲ್ಲ. ಸೈಕಲ್ಲನ್ನು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸದೆ ನೆರಳಿಗೆ ಸರಿಸಿದ್ದೂ ಇದಕ್ಕೆ ಕಾರಣವಿರಬಹುದು.

ಸಿರುಗುಪ್ಪದ ತಾಯಿ

ನಾವೂ ಸಂಕ್ರಾಂತಿಯ ಹೊತ್ತಿಗೆ ಹಾಕಿಸಿದೆವು. ಮಗಳು ಪರೀಕ್ಷೆ ಮುಗಿಯುವವರೆಗೆ ಒಂದೇ ದಿನ ತಡವಾಗಿ ಹೋದಳು. ಅಂದು ಪಂಕ್ಚರ್ ಆಗಿರಲಿಲ್ಲ, ಮಿಸ್ತ್ರಿಯವರು ಎಚ್ಚರಿಸಿದಂತೆ ವಾಲ್‌ಟ್ಯೂಬಿಗೆ ನಾರು ಸಿಕ್ಕಿಕೊಂಡಿತ್ತು. ಈಗ ಪಾಟಿಚೀಲದಲ್ಲಿ ಎರಡು ವಾಲ್‌ಟ್ಯೂಬ್ ಇಟ್ಟುಕೊಂಡಿದ್ದಾಳೆ, ಬದಲಿಸುವುದನ್ನೂ ತಾನೇ ಕಲಿತಿದ್ದಾಳೆ.

ಸೈಕಲ್ ಮಿಸ್ತ್ರಿ, ಗಂಗಾವತಿ

ಅಕ್ಕನವರೇ, ಬೇಸಿಗೆಯ ರಜೆಯಲ್ಲಿ ಸೈಕಲ್ ಎರಡು ತಿಂಗಳು ನಿಂತಲ್ಲಿಯೇ ನಿಲ್ಲುತ್ತದೆ, ಗಾಳಿ ತಾನಾಗಿ ಇಳಿದು ಟ್ಯೂಬ್ ಮುದುಡಿದರೆ ಒಳಗಿನ ಲೋಳೆ ವಾಲ್ವಿನ ಬುಡದಲ್ಲಿ ಹೆಪ್ಪುಗಟ್ಟುತ್ತದೆ. ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆದು ಎರಡು ಸುತ್ತು ತಿರುಗಿಸಲು ಮಗಳಿಗೆ ಹೇಳಿ.